1943ರಲ್ಲಿ ಹುಟ್ಟಿದವರ ತಾರೀಖು ಮಾತ್ರ ಏಕೆ ತಪ್ಪುತ್ತದೆ?

ದಿನಾಂಕದ ಕೋಡ್ ಬರೆಯುವ ಮೊದಲು ಪ್ರತಿ ಕಾಲಮ್ಮಿನ ಬಗ್ಗೆಯೂ ಒಂದು ಪ್ರಶ್ನೆ ಕೇಳಿಕೊಳ್ಳುತ್ತೇನೆ: ಇದು ಒಂದು ಕ್ಷಣವೋ, ಕ್ಯಾಲೆಂಡರಿನ ಒಂದು ಮನೆಯೋ? ಹಣ ಜಮೆಯಾದದ್ದು ಕ್ಷಣ. ಹುಟ್ಟಿದ ತಾರೀಖು ಕ್ಯಾಲೆಂಡರಿನ ಮನೆ. ಅದಕ್ಕೆ ಗಂಟೆಯೂ ಇಲ್ಲ, ಟೈಮ್‌ಝೋನೂ ಇಲ್ಲ. ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಾದರೆ ಮೊದಲನೆಯದು ಇನ್‌ಸ್ಟಂಟ್, ಎರಡನೆಯದು ಲೋಕಲ್‌ಡೇಟ್.

ಕ್ಷಣಗಳ ಲೆಕ್ಕ ಸುಲಭ. 1970ರ ಜನವರಿ 1ರ ಯುಟಿಸಿ (ಜಗತ್ತಿಗೆಲ್ಲ ಒಂದೇ ಆದ ಸಮಯ) ಮಧ್ಯರಾತ್ರಿಯಿಂದ ಪೈಥಾನ್ ಭಾಷೆ ಸೆಕೆಂಡುಗಳನ್ನು ಎಣಿಸುತ್ತದೆ, ಜಾವಾಸ್ಕ್ರಿಪ್ಟ್ ಮಿಲಿಸೆಕೆಂಡುಗಳನ್ನು. ಪರದೆಯಲ್ಲಿ 1970ರ ಜನವರಿ ಕಾಣಿಸಿತೆಂದರೆ ಸಾಮಾನ್ಯವಾಗಿ ಯಾರೋ ಸೆಕೆಂಡುಗಳನ್ನು ಜಾವಾಸ್ಕ್ರಿಪ್ಟಿಗೆ ಕೊಡುವಾಗ 1000ದಿಂದ ಗುಣಿಸಲು ಮರೆತಿದ್ದಾರೆ, ಅಷ್ಟೆ.

ತೊಂದರೆಯೆಲ್ಲ ತಾರೀಖನ್ನು ಕ್ಷಣದ ಒಳಗೆ ತುರುಕಿದಾಗ. ಜಾವಾಸ್ಕ್ರಿಪ್ಟಿನ ಡೇಟ್‌ಗೆ 2024, 2, 10 ಎಂದು ಕೊಟ್ಟರೆ (ತಿಂಗಳು ಸೊನ್ನೆಯಿಂದ ಶುರು, ಹಾಗಾಗಿ 2 ಅಂದರೆ ಮಾರ್ಚ್) ನಮ್ಮಲ್ಲಿ ಸಿಗುವುದು ಮಾರ್ಚ್ 10ರ ಮಧ್ಯರಾತ್ರಿ. ಅದನ್ನೇ ಐಎಸ್‌ಒ ಸ್ಟ್ರಿಂಗ್ (ಯುಟಿಸಿಯಲ್ಲಿ ಬರೆದ ದಿನಾಂಕದ ಪಠ್ಯ) ಮಾಡಿದರೆ ಮಾರ್ಚ್ 9, 18:30. ನಾವು ಯುಟಿಸಿಗಿಂತ ಐದೂವರೆ ಗಂಟೆ ಮುಂದಿದ್ದೇವಲ್ಲ. ಬದಲಿಗೆ ‘2024-03-10’ ಎಂಬ ಸ್ಟ್ರಿಂಗ್ ಕೊಟ್ಟರೆ ಅದು ಯುಟಿಸಿ ಮಧ್ಯರಾತ್ರಿಯಾಗುತ್ತದೆ. ಬೆಂಗಳೂರಿನಲ್ಲಿ 10 ಎಂದೇ ಕಾಣುತ್ತದೆ, ನ್ಯೂಯಾರ್ಕಿನಲ್ಲಿ 9. ಬರೆದವರ ಕಣ್ಣಿಗೆ ಬೀಳದ ತಪ್ಪು ಇದು.

ಇನ್ನೂ ಒಳಗೆ ಅಡಗಿರುವ ತಪ್ಪೊಂದಿದೆ. ಎರಡನೇ ಮಹಾಯುದ್ಧದಲ್ಲಿ, 1942ರ ಸೆಪ್ಟೆಂಬರಿನಿಂದ 1945ರ ಅಕ್ಟೋಬರ್ ಮಧ್ಯದವರೆಗೆ, ಭಾರತದ ಗಡಿಯಾರ ಯುಟಿಸಿಗಿಂತ ಆರೂವರೆ ಗಂಟೆ ಮುಂದಿತ್ತು. ಏಷ್ಯಾ/ಕೋಲ್ಕತಾ ಝೋನಿಗೆ (ಟೈಮ್‌ಝೋನ್ ಪಟ್ಟಿಯಲ್ಲಿ ಭಾರತದ ಸಮಯದ ಹೆಸರು) ಇದು ಗೊತ್ತು. +5:30 ಎಂದು ಗಟ್ಟಿಯಾಗಿ ಬರೆದ ಕೋಡಿಗೆ ಗೊತ್ತಿಲ್ಲ. ಹುಟ್ಟಿದ ತಾರೀಖನ್ನು ಮೊದಲನೆಯದರಿಂದ ಉಳಿಸಿ ಎರಡನೆಯದರಿಂದ ಓದಿದರೆ ಮಧ್ಯರಾತ್ರಿ ಹೋಗಿ ಹಿಂದಿನ ದಿನದ ರಾತ್ರಿ 11 ಆಗುತ್ತದೆ. ಪಿಂಚಣಿ ಪಟ್ಟಿಯಲ್ಲಿ ಉಳಿದವರದೆಲ್ಲ ಸರಿಯಿದ್ದು 1943, 44ರಲ್ಲಿ ಹುಟ್ಟಿದವರದು ಮಾತ್ರ ಒಂದು ದಿನ ಹಿಂದೆ ಸರಿದಿದ್ದರೆ ಮೊದಲು ಇಲ್ಲೇ ಹುಡುಕಿ.

ಪೈಥಾನಿನ ಹಳೆಯ ಕೋಡಿನಲ್ಲಿ +5:53 ಕಂಡರೂ ಗಾಬರಿ ಬೇಡ. ಅದು ಕಲ್ಕತ್ತೆಯ ಹಳೆಯ ಸ್ಥಳೀಯ ಸಮಯ. ಪೈಟಿಝೆಡ್ ಎಂಬ ಟೈಮ್‌ಝೋನ್ ಲೈಬ್ರರಿಯ ಝೋನನ್ನು ಲೋಕಲೈಝ್ (ಆ ದಿನಾಂಕಕ್ಕೆ ಹೊಂದಿಸುವುದು) ಮಾಡದೆ ನೇರವಾಗಿ ದಿನಾಂಕದ ಟಿಝೆಡ್‌ಇನ್ಫೋಗೆ ಕೊಟ್ಟಿದ್ದರ ಫಲ. 3.9 ಆವೃತ್ತಿಯಿಂದ ಪೈಥಾನಿನ ಜೊತೆಗೇ ಬರುವ ಝೋನ್‌ಇನ್ಫೋದಲ್ಲಿ ಈ ಕಾಟವಿಲ್ಲ.

ಕಂತಿನ ದಿನಾಂಕಗಳನ್ನು ಹಿಂದಿನ ಕಂತಿಗೆ ಒಂದು ತಿಂಗಳು ಕೂಡಿಸುತ್ತಾ ಲೆಕ್ಕ ಹಾಕಬೇಡಿ. ಲೋಕಲ್‌ಡೇಟ್‌ನಲ್ಲಿ 2023ರ ಜನವರಿ 31ಕ್ಕೆ ಒಂದು ತಿಂಗಳು ಕೂಡಿಸಿದರೆ ಫೆಬ್ರವರಿ 28, ಅದಕ್ಕೆ ಇನ್ನೊಂದು ಕೂಡಿಸಿದರೆ ಮಾರ್ಚ್ 28. ಜನವರಿ 31ಕ್ಕೇ ಎರಡು ತಿಂಗಳು ಕೂಡಿಸಿದರೆ ಮಾರ್ಚ್ 31. ಪ್ರತಿ ಸಲವೂ ಮೊದಲ ದಿನಾಂಕದಿಂದಲೇ ಲೆಕ್ಕ ಹಾಕಬೇಕು. ಜಾವಾಸ್ಕ್ರಿಪ್ಟ್‌ನ ಸೆಟ್‌ಮಂತ್ (ತಿಂಗಳು ಬದಲಿಸುವ ಆಜ್ಞೆ) ಅಂತೂ ಅದೇ ಜನವರಿ 31ರಿಂದ ಒಂದು ತಿಂಗಳು ಮುಂದೆ ಹೋಗಲು ಹೇಳಿದರೆ ಫೆಬ್ರವರಿಯನ್ನೇ ಹಾರಿ ಮಾರ್ಚ್ 3ಕ್ಕೆ ಹೋಗುತ್ತದೆ.

ಪರೀಕ್ಷೆಗಳನ್ನು ಕೋಲ್ಕತಾ, ಯುಟಿಸಿ, ನ್ಯೂಯಾರ್ಕ್ ಮೂರೂ ಝೋನ್‌ಗಳಲ್ಲಿ ಓಡಿಸುತ್ತೇನೆ. ಲ್ಯಾಪ್‌ಟಾಪ್ ಭಾರತದ ಸಮಯದಲ್ಲಿ, ಸರ್ವರ್ ಯುಟಿಸಿಯಲ್ಲಿ ಇರುವುದೇ ಸಾಮಾನ್ಯ. ಹಾಗಾಗಿ ಒಂದೇ ಝೋನಿನಲ್ಲಿ ಪಾಸಾದ ಪರೀಕ್ಷೆಯನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ.