ಅಜ್ಜಿಯ ದನಿ ನಡುವಿನ ಸ್ಪೀಕರಿಗೆ ಬಂದದ್ದು

ಕುಮಟಾ ತಾಲ್ಲೂಕಿನ ಅಘನಾಶಿನಿ ಅಳಿವೆಯಲ್ಲಿ ಗಜನಿ ಗದ್ದೆಗಳಿವೆ. ಉಪ್ಪುನೀರು ಹತ್ತಿ ಇಳಿಯುವ ನೆಲ. ಅಲ್ಲಿ ಬೆಳೆಯುವ ಭತ್ತ ಕಗ್ಗ. ಈ ಭತ್ತ ಉಪ್ಪನ್ನೂ ತಡೆಯುತ್ತದೆ, ನೆರೆಯನ್ನೂ ತಡೆಯುತ್ತದೆ. ಅದನ್ನು ಬೆಳೆಯುತ್ತಾ ಬಂದ ಒಬ್ಬ ಅಜ್ಜಿಯ ಬಗ್ಗೆ ನಾನು 28 ನಿಮಿಷದ ಒಂದು ಸಾಕ್ಷ್ಯಚಿತ್ರ ಮಾಡಿದೆ. ಅದು ತಿರುವನಂತಪುರದ ಅಂತಾರಾಷ್ಟ್ರೀಯ ಸಾಕ್ಷ್ಯಚಿತ್ರ ಮತ್ತು ಕಿರುಚಿತ್ರೋತ್ಸವಕ್ಕೆ ಆಯ್ಕೆಯಾಯಿತು. ಕೇರಳ ಚಲಚಿತ್ರ ಅಕಾಡೆಮಿ 2008ರಿಂದ ನಡೆಸುತ್ತಿರುವ ಉತ್ಸವ ಅದು. ಶೂಟಿಂಗ್ ಹೇಗೆ ಮಾಡಬೇಕು ಅಂತ ಹೇಳುವವರು ಬಹಳ ಜನ ಇದ್ದಾರೆ. ಎಡಿಟಿಂಗ್ ಮುಗಿದ ಮೇಲೆ ತೆರೆಗೆ ಹೋಗುವವರೆಗಿನ ಕೆಲಸದ ಬಗ್ಗೆ ನನಗೆ ಯಾರೂ ಹೇಳಿರಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಅದಕ್ಕೂ ಮೊದಲು ಬೇರೊಂದು ಊರಿನ ಸಣ್ಣ ಉತ್ಸವದಲ್ಲಿ ಇದೇ ಚಿತ್ರ ಹಾಕಿದ್ದರು. ನಾನು ಎಡಗಡೆ ಮೂರನೇ ಸಾಲಿನಲ್ಲಿ ಕೂತಿದ್ದೆ. ಅಜ್ಜಿ ತೆರೆಯ ನಟ್ಟನಡುವೆ ಕೂತು ಮಾತಾಡುತ್ತಿದ್ದಾರೆ, ದನಿ ಮಾತ್ರ ನನ್ನ ಪಕ್ಕದ ಗೋಡೆಯ ಮೂಲೆಯಿಂದ ಬರುತ್ತಿತ್ತು. ಜೊತೆಗೆ ಗಾಳಿಯ ಸದ್ದು ಜಾಸ್ತಿ. ಹತ್ತು ನಿಮಿಷಕ್ಕೆ ಇಬ್ಬರು ಎದ್ದು ಹೋದರು. ಅಷ್ಟು ವರ್ಷದ ಬದುಕನ್ನು ನಮ್ಮ ಮುಂದೆ ಬಿಚ್ಚಿಟ್ಟ ಹೆಂಗಸಿನ ಮಾತು ಕೊನೆಯ ಸಾಲಿನವರೆಗೂ ಸರಿಯಾಗಿ ಕೇಳಬೇಕಲ್ವಾ? ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಕಾರಣ ಗೊತ್ತಾದದ್ದು ಮಂಗಳೂರಿನಲ್ಲಿ. ಪರಿಚಯದವರ ಮೂಲಕ ಕೇಳಿಕೊಂಡು, ಒಂದು ಥಿಯೇಟರಿನಲ್ಲಿ ಬೆಳಗಿನ ಶೋಗೆ ಮೊದಲು ಅರ್ಧ ಗಂಟೆ ನಮ್ಮ ಚಿತ್ರ ಹಾಕಿಸಿದೆ. ಆಪರೇಟರ್ ಎರಡೇ ನಿಮಿಷ ಕೇಳಿದರು. "ಸರ್, ನಿಮ್ಮ ಮಾತೆಲ್ಲ ಎಡ ಬಲದಿಂದ ಬರ್ತಾ ಇದೆ. ನಡುವಿನ ಸ್ಪೀಕರ್ ಸುಮ್ನೆ ಕೂತಿದೆ" ಅಂದರು.

ಇಷ್ಟೇ ವಿಷಯ. ನಾನು ಹೆಡ್‌ಫೋನ್ ಹಾಕಿಕೊಂಡು ಚಿತ್ರದ ಸದ್ದನ್ನೆಲ್ಲ ಸ್ಟೀರಿಯೋದಲ್ಲಿ, ಅಂದರೆ ಎಡ ಬಲ ಎರಡೇ ಚಾನೆಲ್‌ನಲ್ಲಿ, ಮಿಕ್ಸ್ ಮಾಡಿದ್ದೆ. ಹೆಡ್‌ಫೋನಿನಲ್ಲಿ ಎಡ ಬಲ ಎರಡೂ ಸೇರಿ ದನಿ ತಲೆಯ ನಡುವೆ ಬಂದು ನಿಲ್ಲುತ್ತದೆ. ಥಿಯೇಟರಿನಲ್ಲಿ ಹಾಗಾಗುವುದಿಲ್ಲ. ಎಡಗಡೆ ಕೂತವರಿಗೆ ಎಡದ ಸ್ಪೀಕರೇ ಕೇಳುತ್ತದೆ. ಮಾತಿಗೆಂದೇ ತೆರೆಯ ಹಿಂದೆ, ನಡುವೆ ಒಂದು ಸ್ಪೀಕರ್ ಇರುತ್ತದೆ. ಮಾತು ಅಲ್ಲಿಗೇ ಹೋಗಬೇಕು.

ಊರಿಗೆ ಬಂದು ಮಿಕ್ಸನ್ನು ಪೂರ್ತಿ ಬಿಚ್ಚಿದೆ. ಅಜ್ಜಿಯ ದನಿಯೊಂದನ್ನೇ ನಡುವಿನ ಚಾನೆಲ್‌ಗೆ ಹಾಕಿದೆ. ನೀರು, ಕಪ್ಪೆ, ಗಾಳಿ ಎಡ ಬಲಕ್ಕೆ ಹೋದವು. ಮಳೆಯನ್ನು ಸ್ವಲ್ಪ ಮಾತ್ರ ಹಿಂದಿನ ಸ್ಪೀಕರ್‌ಗಳಿಗೆ ಕೊಟ್ಟೆ. ಸದ್ದಿನ ಮಟ್ಟವನ್ನೂ ಇಳಿಸಿದೆ. ಮೊಬೈಲಿಗೆಂದು ಮಾಡಿದ ಮಿಕ್ಸ್ ಹಾಲ್‌ನಲ್ಲಿ ಕಿವಿಗೆ ಹೊಡೆಯುತ್ತದೆ. ಕಿರುಚಿತ್ರಗಳನ್ನು ಒಂದರ ಹಿಂದೆ ಒಂದು ಹಾಕುತ್ತಾರೆ ನೋಡಿ, ಒಂದು ಚಿತ್ರ ಜೋರಾಗಿದೆ ಅಂತ ಆಪರೇಟರ್ ವಾಲ್ಯೂಮ್ ಇಳಿಸಿದರೆ ಮುಂದಿನ ಚಿತ್ರದ ಮಾತು ಮುಳುಗಿಹೋಗಬಹುದು. ನಮ್ಮ ಚಿತ್ರ ಜೋರಾಗಿದ್ದರೆ ಇನ್ನೊಬ್ಬರ ಚಿತ್ರಕ್ಕೂ ಪೆಟ್ಟು.

ಆಮೇಲೆ ಸಬ್‌ಟೈಟಲ್. ಅಜ್ಜಿ ಒಂದು ಕಡೆ, "ಉಪ್ಪುನೀರು ಬಂತು ಅಂದ್ರೆ ಕಗ್ಗ ಹೆದರೂದಿಲ್ಲ, ಹೆದರೂದು ನಾವೇ" ಅನ್ನುತ್ತಾರೆ. ಇಂಗ್ಲಿಷಿನಲ್ಲಿ ನಾನು ಮೊದಲು ಅದಕ್ಕೆ ವಿವರಣೆಯನ್ನೂ ಸೇರಿಸಿ ಬರೆದಿದ್ದೆ. ಓದಿ ಮುಗಿಸುವಷ್ಟರಲ್ಲಿ ಅಜ್ಜಿಯ ನಗು ಹೋಗಿಬಿಡುತ್ತಿತ್ತು. ಒಂದು ಸಲಕ್ಕೆ ಎರಡೇ ಸಾಲು, ಸಾಲಿಗೆ ಹೆಚ್ಚೆಂದರೆ 42 ಅಕ್ಷರ, ಅದಕ್ಕಿಂತ ಜಾಸ್ತಿ ಬೇಡ ಅಂತ ನಿಯಮ ಮಾಡಿಕೊಂಡೆ. ಗಜನಿ ಅನ್ನುವ ಪದಕ್ಕೆ ಮೊದಲ ಸಲ ಮಾತ್ರ ಉಪ್ಪುನೀರಿನ ಗದ್ದೆ ಅಂತ ಅರ್ಥ ಕೊಟ್ಟೆ. ಮುಂದೆಲ್ಲ ಗಜನಿ ಅಂತಲೇ ಬಿಟ್ಟೆ. ಜನ ಒಂದು ಹೊಸ ಪದ ಕಲಿಯಲಿ, ಅದರಲ್ಲಿ ತಪ್ಪೇನಿಲ್ಲ. ಬೇಸಿಗೆಯಲ್ಲಿ ಗದ್ದೆ ಒಣಗಿ ಉಪ್ಪು ಬೆಳ್ಳಗೆ ಮೇಲೆದ್ದಿರುತ್ತದೆ. ಆ ಶಾಟ್ ಮೇಲೆ ಬಿಳಿ ಅಕ್ಷರ ಕಾಣಲೇ ಇಲ್ಲ. ಪ್ರತಿ ಅಕ್ಷರಕ್ಕೂ ತೆಳುವಾದ ಕಪ್ಪು ಅಂಚು ಹಾಕಿದ ಮೇಲೆ ಸರಿಹೋಯಿತು.

ಥಿಯೇಟರಿಗೆ ಬೇಕಾದ ಡಿಸಿಪಿ (ಡಿಜಿಟಲ್ ಸಿನಿಮಾ ಪ್ಯಾಕೇಜ್) ಪ್ರತಿಯನ್ನು ನಾನೇ ಮಾಡಿದೆ. ಡಿಸಿಪಿ-ಓ-ಮ್ಯಾಟಿಕ್ ಅಂತ ಉಚಿತ ಸಾಫ್ಟ್‌ವೇರ್ ಇದೆ, ಅದು ಸಾಕು. ನನ್ನ ಲ್ಯಾಪ್‌ಟಾಪಿಗೆ ಒಂದು ಇಡೀ ರಾತ್ರಿ ಹಿಡಿಯಿತು. ಆಗುವುದು ಒಂದು ಫೋಲ್ಡರ್, ಅದರೊಳಗೆ ಉದ್ದುದ್ದ ಹೆಸರಿನ ಕಡತಗಳು. ಅವುಗಳ ಹೆಸರನ್ನು ಮಾತ್ರ ಬದಲಿಸಬೇಡಿ. ಬದಲಿಸಿದರೆ ಥಿಯೇಟರಿನ ಸರ್ವರ್‌ಗೆ ಯಾವ ಕಡತ ಎಲ್ಲಿದೆ ಅಂತ ಗೊತ್ತಾಗುವುದಿಲ್ಲ. ನಾನು ಸೆಕೆಂಡಿಗೆ 25 ಫ್ರೇಮ್‌ನಲ್ಲಿ ಚಿತ್ರೀಕರಿಸಿದ್ದೆ. ಥಿಯೇಟರುಗಳಲ್ಲಿ ಎಲ್ಲ ಕಡೆ ನಡೆಯುವುದು 24. ಹಾಗೆ ಬದಲಿಸಿದರೆ 28 ನಿಮಿಷದ ಚಿತ್ರ ಒಂದು ನಿಮಿಷಕ್ಕಿಂತ ಸ್ವಲ್ಪ ಜಾಸ್ತಿ ಉದ್ದವಾಗುತ್ತದೆ, ದನಿಯ ಶ್ರುತಿಯೂ ಒಂಚೂರು ಇಳಿಯುತ್ತದೆ. ಅಜ್ಜಿಯ ದನಿಯ ಶ್ರುತಿ ಇಳಿಯದಂತೆ ನೋಡಿಕೊಳ್ಳಲು ಎರಡು ದಿನ ಹೋಯಿತು.

ಕಾಗದಪತ್ರದ ಒಂದು ವಿಷಯವನ್ನೂ ಹೇಳಬೇಕು. ಸೆನ್ಸಾರ್ ಪ್ರಮಾಣಪತ್ರ ಇಲ್ಲದ ಚಿತ್ರಗಳಿಗೆ ಉತ್ಸವಗಳು ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯದಿಂದ ವಿನಾಯಿತಿ ಪಡೆಯಬೇಕು. 2017ರಲ್ಲಿ ಇದೇ ಉತ್ಸವದ ಮೂರು ಚಿತ್ರಗಳಿಗೆ ಅದು ಸಿಗದೆ ದೊಡ್ಡ ಸುದ್ದಿಯಾಗಿತ್ತು. ಅದಕ್ಕೇ ಉತ್ಸವದವರು ಕೇಳಿದ ವಿವರವನ್ನು ಕೇಳಿದ ದಿನವೇ ಕಳಿಸಿಬಿಡಿ.

ಮಂಗಳೂರಿನಿಂದ ಮಾವೇಲಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಿಗ್ಗೆ ತಿರುವನಂತಪುರ. ನಿಲ್ದಾಣದಿಂದ ತಂಪಾನೂರಿನ ಕೈರಳಿ, ಶ್ರೀ, ನಿಳಾ ಥಿಯೇಟರ್‌ಗಳಿಗೆ ನಡೆದೇ ಹೋಗಬಹುದು. ಮೂರೂ ಒಂದೇ ಆವರಣದಲ್ಲಿವೆ. ಒಂದರಿಂದ ಹೊರಬಂದು ಇನ್ನೊಂದರ ಸಾಲಿನಲ್ಲಿ ನಿಲ್ಲುವುದೇ ಒಂದು ಖುಷಿ. ಕಾಲೇಜು ಹುಡುಗರು, ನಿವೃತ್ತರು, ಎಲ್ಲರ ಕೊರಳಲ್ಲೂ ಪಾಸ್, ಕೈಯಲ್ಲಿ ವೇಳಾಪಟ್ಟಿ. ಸಾಕ್ಷ್ಯಚಿತ್ರ ನೋಡಲು ಮಳೆಯಲ್ಲಿ ಸಾಲು ನಿಂತ ಜನರನ್ನು ನಾನು ಮೊದಲು ನೋಡಿದ್ದು ಅಲ್ಲೇ.

ನಮ್ಮ ಚಿತ್ರ ಶುರುವಾದಾಗ ಬೇಕೆಂದೇ ಎಡಗಡೆ ಕೂತೆ. ಅಜ್ಜಿ ಬಾಯಿ ತೆರೆದರು. ದನಿ ಅವರ ಬಾಯಿಂದಲೇ ಬಂತು. ಹೆದರೂದು ನಾವೇ ಅಂದಾಗ ಇಡೀ ಹಾಲ್ ಅವರ ಜೊತೆಗೇ ನಕ್ಕಿತು. ನನ್ನ ಕಣ್ಣು ತುಂಬಿ ಬಂತು.

ಪ್ರಶ್ನೆಗಳ ಹೊತ್ತಿಗೆ ಒಬ್ಬರು ಹಿರಿಯರು ಎದ್ದು ನಿಂತರು. ಎರ್ನಾಕುಲಂ ಕಡೆಯವರು. ಅವರ ಮನೆಯಲ್ಲಿ ಪೊಕ್ಕಾಳಿ ಭತ್ತ ಬೆಳೆಯುತ್ತಾರಂತೆ. ಅದೂ ಉಪ್ಪುನೆಲದ ಭತ್ತವೇ. ಮಳೆಗಾಲದಲ್ಲಿ ಬೆಳೆ, ಕೊಯ್ಲಾದ ಮೇಲೆ ಅದೇ ಗದ್ದೆಯಲ್ಲಿ ಸೀಗಡಿ. "ನಾವು ತೆನೆ ಮಾತ್ರ ಕೊಯ್ದು ದಂಟನ್ನು ನೀರಿಗೇ ಬಿಡ್ತೀವಿ. ನಿಮ್ಮ ಅಜ್ಜಿ ಏನು ಮಾಡ್ತಾರೆ?" ಅಂತ ಕೇಳಿದರು. ಅದು ನನ್ನ ಚಿತ್ರದಲ್ಲಿ ಇರಲಿಲ್ಲ. ಕೇಳಿ ಹೇಳುತ್ತೇನೆ ಅಂದೆ.

ಸಂಜೆ ಅಜ್ಜಿಗೆ ಫೋನ್ ಮಾಡಿದೆ. "ನಮ್ಮಲ್ಲೂ ಹಂಗೇ ಮಾಡ್ತಿದ್ರು ತಮ್ಮಾ" ಅಂದರು. ಸ್ವಲ್ಪ ತಡೆದು, "ಅವ್ರ ಅಕ್ಕಿ ಕೆಂಪೋ ಬಿಳಿಯೋ, ಕೇಳು" ಅಂದರು.

ಮರುದಿನ ಶ್ರೀ ಥಿಯೇಟರಿನ ಸಾಲಿನಲ್ಲಿ ಆ ಹಿರಿಯರು ಸಿಕ್ಕರು. ಕೇಳಿದೆ. "ಕೆಂಪು" ಅಂದರು.