ಮೂತಿ ಎತ್ತಿ ನಿಲ್ಲುತ್ತಿದ್ದ ಟ್ರೈಲರ್ ಸಮಕ್ಕೆ ಬಂದದ್ದು ಹೀಗೆ

ಸಣ್ಣ ಫಿಫ್ತ್‌ವೀಲ್ ಟ್ರೈಲರನ್ನು (ಮುಂಭಾಗ ಪಿಕಪ್ಪಿನ ಹಿಂದಿನ ತೊಟ್ಟಿಯ ಮೇಲೆ ಕೂರುವಂಥದ್ದು) ಪಿಕಪ್‌ಗೆ ಜೋಡಿಸಿದರೆ ಅದರ ಮುಂಭಾಗ ಮೇಲೆದ್ದು ನಿಲ್ಲುತ್ತಿತ್ತು. ಹೀಗಾದಾಗ ಟ್ರೈಲರಿನ ಎರಡು ಆಕ್ಸಲ್‌ಗಳಲ್ಲಿ ಹಿಂದಿನದಕ್ಕೇ ಹೆಚ್ಚು ಭಾರ ಬಿದ್ದು ಅದರ ಟೈರುಗಳು ಬಿಸಿಯಾಗುತ್ತವೆ. ಟ್ರೈಲರನ್ನು ಕೊಂಡಿ ಹಾಕುವ, ಪಿಕಪ್ಪಿನ ಹಿಚ್ಚನ್ನೇ ಕೆಳಗಿಳಿಸುವುದು ಸುಲಭ. ಆದರೆ ಇಳಿಸಿದಷ್ಟೂ ಟ್ರೈಲರಿನ ತಳಕ್ಕೂ ಪಿಕಪ್‌ನ ಪಕ್ಕದ ಅಂಚಿಗೂ ಇರುವ ಅಂತರ ಕಡಿಮೆಯಾಗಿ, ಉಬ್ಬುತಗ್ಗಿನಲ್ಲಿ ಎರಡೂ ತಾಗುತ್ತವೆ. ಅಲ್ಲಿ 5-6 ಇಂಚು ಇರಲೇಬೇಕು.

ಅದಕ್ಕೇ ಹಿಚ್ಚನ್ನು ಮುಟ್ಟದೆ ಟ್ರೈಲರನ್ನೇ ಎತ್ತರಿಸಿದೆ. ಆಕ್ಸಲ್ ಕೆಳಗಿದ್ದ ಲೀಫ್ ಸ್ಪ್ರಿಂಗ್ (ಉಕ್ಕಿನ ಪಟ್ಟಿಗಳ ಸ್ಪ್ರಿಂಗ್) ಈಗ ಮೇಲಿದೆ. ಆಕ್ಸಲನ್ನು ತಲೆಕೆಳಗು ತಿರುಗಿಸಬಾರದು, ಅದರ ಬಾಗು ಮೇಲ್ಮುಖವಾಗಿಯೇ ಇರಬೇಕು. ಸ್ಪ್ರಿಂಗ್ ಕೂರುವ ಹೊಸ ಸೀಟುಗಳನ್ನು ಮೇಲ್ಭಾಗಕ್ಕೆ ವೆಲ್ಡ್ ಮಾಡಿಸಬೇಕು. ಸ್ಪ್ರಿಂಗನ್ನು ಆಕ್ಸಲಿಗೆ ಬಿಗಿಯುವ ಯು-ಬೋಲ್ಟ್‌ಗಳೂ ಹೊಸವೇ ಆಗಲಿ. ಹಳೆಯವನ್ನು ಮತ್ತೆ ಬಿಗಿಯುವುದು ನನಗಂತೂ ಒಪ್ಪಿಗೆಯಿಲ್ಲ. ಸ್ವಲ್ಪ ಓಡಿಸಿದ ಮೇಲೆ ಬಿಗಿತ ಅಳೆಯುವ ಟಾರ್ಕ್ ರೆಂಚ್‌ನಿಂದ ಇನ್ನೊಮ್ಮೆ ನೋಡಿದಾಗ ನಟ್ಟುಗಳು ಕಾಲು ಸುತ್ತು ಬಿಗಿಯಾದವು.

ಆಮೇಲೆ ತೂಕ. ಪಿಕಪ್ಪನ್ನು ಒಂಟಿಯಾಗಿ ತೂಗಿ, ಟ್ರೈಲರ್ ಜೋಡಿಸಿಕೊಂಡು ಪಿಕಪ್‌ನ ಚಕ್ರಗಳನ್ನಷ್ಟೇ ಮತ್ತೆ ತೂಗಿದರೆ, ವ್ಯತ್ಯಾಸವೇ ಕಿಂಗ್‌ಪಿನ್ ಭಾರ, ಅಂದರೆ ಹಿಚ್ಚಿನಲ್ಲಿ ಕೂರುವ ಟ್ರೈಲರಿನ ಗೂಟ ಪಿಕಪ್ ಮೇಲೆ ಹಾಕುವ ಭಾರ. ಅದು ಸಾಮಾನ್ಯವಾಗಿ ಟ್ರೈಲರ್ ತೂಕದ ಶೇ. 15ರಿಂದ 25. ಈ ಭಾರದ ಜೊತೆ ಪಿಕಪ್ಪಿನಲ್ಲಿರುವ ಜನ, ಸಾಮಾನು, ಹಿಚ್ಚಿನ ತೂಕ ಎಲ್ಲ ಸೇರಿ ಚಾಲಕನ ಬಾಗಿಲ ಚೌಕಟ್ಟಿನ ಚೀಟಿಯಲ್ಲಿರುವ ಮಿತಿ ಮೀರಬಾರದು.