ದಾವಣಗೆರೆಯಿಂದ ಹೋಗಿ ರಾಕ್ ಶೋ ನೋಡಿ ಬರುವುದು ಹೇಗೆ

ದೊಡ್ಡ ರಾಕ್ ಬ್ಯಾಂಡುಗಳು ನಮ್ಮ ಹೈಸ್ಕೂಲ್ ಮೈದಾನಕ್ಕೆ ಬರುವುದಿಲ್ಲ. ನಾವೇ 260 ಕಿಲೋಮೀಟರ್ ದೂರದ ಬೆಂಗಳೂರಿಗೆ ಹೋಗಬೇಕು. ಹಾಗಂತ ಅಲ್ಲಿ ರೂಮ್ ಮಾಡಿ ದುಡ್ಡು ಸುರಿಯಬೇಕಿಲ್ಲ. ಬಯಲಿನಲ್ಲಿ ರಾತ್ರಿ 10ರ ಮೇಲೆ ಸಾಮಾನ್ಯವಾಗಿ ಧ್ವನಿವರ್ಧಕ ಹಾಕುವಂತಿಲ್ಲ. 2000ನೇ ಇಸವಿಯಿಂದ ಇರುವ ನಿಯಮ. ನನ್ನದು ಮೈಕ್ ಸೆಟ್ ಅಂಗಡಿ, ಗಣೇಶನ ಹಬ್ಬ ಬಂತೆಂದರೆ ಈ ನಿಯಮ ನನಗೆ ತಲೆನೋವು. ರಾಕ್ ಶೋಗೆ ಹೋದಾಗ ಮಾತ್ರ ಇದೇ ವರ. ಹತ್ತಕ್ಕೆ ಮುಗಿಯುತ್ತದೆ, ರಾತ್ರಿ ಬಸ್ ಸಿಗುತ್ತದೆ, ಬೆಳಗಾಗುವ ಹೊತ್ತಿಗೆ ಮನೆ.

ಹೋಗುವಾಗ ಬೆಳಿಗ್ಗೆ ಬೆಣ್ಣೆ ದೋಸೆ ತಿಂದು ಬಸ್ಸನ್ನೇ ಹತ್ತಿ. ಧಾರವಾಡದಿಂದ ಮಧ್ಯಾಹ್ನ ಹೊರಡುವ ವಂದೇ ಭಾರತ್ ರೈಲು ಚೆನ್ನಾಗಿದೆ, ಆದರೆ ಅದು ಬೆಂಗಳೂರು ಮುಟ್ಟುವಷ್ಟರಲ್ಲಿ ಕತ್ತಲಾಗಿರುತ್ತದೆ. ಹೊರಡುವ ಮುಂಚೆ ಶೋ ನಡೆಯುತ್ತಾ ಅಂತ ಇನ್ನೊಮ್ಮೆ ನೋಡಿಕೊಳ್ಳಿ. 2011ರಲ್ಲಿ ಅಮೆರಿಕದ ಮೆಟಾಲಿಕಾ ಬ್ಯಾಂಡ್ ಬಂದಾಗ ಗುರ್‌ಗಾಂವ್‌ನ ಶೋ ಕೊನೇ ಗಳಿಗೆಯಲ್ಲಿ ನಿಂತುಹೋಯಿತು. ಎರಡು ದಿನ ಬಿಟ್ಟು, ಅಕ್ಟೋಬರ್ 30ರಂದು, ಬೆಂಗಳೂರಿನ ಅರಮನೆ ಮೈದಾನದಲ್ಲಿ ಅವರ ಇನ್ನೊಂದು ಶೋ ನಡೆಯಬೇಕಿತ್ತು. ನಮ್ಮದೂ ಹೋಯಿತು ಅಂದುಕೊಂಡೇ ಬಸ್ ಹತ್ತಿದ್ದೆವು. ಪುಣ್ಯಕ್ಕೆ ನಡೆಯಿತು.

ಕಾಲಿಗೆ ಶೂ ಇರಲಿ, ಹಳೆಯದಾದರೆ ಇನ್ನೂ ಒಳ್ಳೆಯದು. ಚಪ್ಪಲಿ ಬೇಡವೇ ಬೇಡ. ಮಳೆ ಬಿದ್ದ ಮೈದಾನದಲ್ಲಿ ಸಾವಿರಾರು ಜನ ಕುಣಿದರೆ ನೆಲ ಗದ್ದೆಯಾಗುತ್ತದೆ, ಚಪ್ಪಲಿ ಅಲ್ಲೇ ಉಳಿಯುತ್ತದೆ. ಬ್ಯಾಗ್ ಬೇಡ. ನೀರಿನ ಬಾಟಲಿ, ತಿಂಡಿ ಗೇಟಿನಲ್ಲೇ ತೆಗೆಸುತ್ತಾರೆ. ನನ್ನ ತಂಗಿ ಮಗ ಒಂದು ಸಲ ನರ್ಗಿಸ್ ಮಂಡಕ್ಕಿ ಕಟ್ಟಿಸಿಕೊಂಡು ಬಂದಿದ್ದ. ಒಳಗೆ ಬಿಡುವುದಿಲ್ಲ ಅಂದರು. ಗೇಟಿನ ಹೊರಗೇ ನಿಂತು ಅಷ್ಟನ್ನೂ ತಿಂದು ಮುಗಿಸಿದ, ಸೆಕ್ಯುರಿಟಿಯವರಿಗೂ ಒಂದು ಹಿಡಿ ಕೊಟ್ಟ.

ಇನ್ನು ನಿಲ್ಲುವ ಜಾಗ. ಟಿಕೆಟ್ಟಿಗಿಂತ ಇದು ಮುಖ್ಯ ಅಂತ ನಾನು ಹೇಳುತ್ತೇನೆ.

ಹುಡುಗರೆಲ್ಲ ಸ್ಟೇಜಿನ ಬುಡಕ್ಕೆ ನುಗ್ಗುತ್ತಾರೆ. ಅಲ್ಲಿ ಹಾಡುವವನ ಬೆವರು ಕಾಣುತ್ತದೆ, ಹಾಡು ಸರಿಯಾಗಿ ಕೇಳಿಸುವುದಿಲ್ಲ. ಮೇಲೆ ತೂಗುಹಾಕಿದ ಸ್ಪೀಕರುಗಳು ದೂರದ ಜನರ ಕಡೆ ಮುಖ ಮಾಡಿರುತ್ತವೆ. ನೆಲದ ಮೇಲಿನ ಬೇಸ್ ಬಾಕ್ಸುಗಳು ಮಾತ್ರ ನಿಮ್ಮ ಎದೆಗೇ ಗುದ್ದುತ್ತವೆ. ಗಿಟಾರು, ಮಾತು ಎಲ್ಲ ಕಲಸಿಹೋಗುತ್ತದೆ.

ಮೈದಾನದ ನಡುವೆ ತಗಡಿನ ಗೂಡು ಥರದ ಒಂದು ಜಾಗ ಇರುತ್ತದೆ. ಒಳಗೆ ಮಿಕ್ಸರ್ ಇಟ್ಟುಕೊಂಡು ಸೌಂಡ್ ಇಂಜಿನಿಯರ್ ಕೂತಿರುತ್ತಾನೆ. ಅವನು ತನ್ನ ಕಿವಿಗೆ ಸರಿ ಅನ್ನಿಸುವಂತೆ ಎಲ್ಲವನ್ನೂ ಹೊಂದಿಸುತ್ತಾನೆ. ಅಂದಮೇಲೆ ಅವನ ಮುಂದೆ, ಸ್ವಲ್ಪ ಪಕ್ಕಕ್ಕೆ ನಿಂತರೆ ಅವನಿಗೆ ಕೇಳಿಸಿದ್ದೇ ನಿಮಗೂ ಕೇಳಿಸುತ್ತದೆ ಅಲ್ವಾ? ಗೂಡಿನ ಕಟಾಂಜನಕ್ಕೆ ಬೆನ್ನು ಕೊಟ್ಟು ನಿಂತರೆ ಹಿಂದಿನಿಂದ ತಳ್ಳುವವರೂ ಇರುವುದಿಲ್ಲ. ತಂಗಿ ಮಗ ಪ್ರತಿ ಸಲ "ಮಾವ, ಮುಂದಕ್ಕೆ ಹೋಗೋಣ ಬಾ" ಅಂತಾನೆ. "ನೀನು ಹೋಗಿ ಬಾರಪ್ಪ, ನಾನು ಇಲ್ಲೇ ಇರ್ತೀನಿ" ಅಂತೀನಿ. ಅವನಿಗೆ ಅದೇ ಖುಷಿ, ಇರಲಿ.

ಇನ್ನೂ ಹಿಂದಕ್ಕೆ ಹೋದರೆ ಒಂದು ತಮಾಷೆ ಕಾಣಬಹುದು. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. ನೂರು ಮೀಟರ್ ದೂರ ನಿಂತು ಡ್ರಮ್ಮರ್ ಕೈಯನ್ನೇ ನೋಡಿ. ಕೋಲು ಬಿದ್ದು ಮೇಲೇಳುವ ಹೊತ್ತಿಗೆ ಏಟು ಕೇಳಿಸುತ್ತದೆ.

ಮೊದಲು ಬಾರಿಸುವ ಚಿಕ್ಕ ಬ್ಯಾಂಡುಗಳನ್ನು ತಪ್ಪಿಸಬೇಡಿ. ಮೆಟಾಲಿಕಾ ದಿನ ನಮ್ಮ ಬೆಂಗಳೂರಿನ ಇನ್ನರ್ ಸ್ಯಾಂಕ್ಟಮ್ ಕೂಡ ಬಾರಿಸಿದ್ದರು. ಜನ ಕಮ್ಮಿ ಇರುವ ಆ ಹೊತ್ತಿನಲ್ಲಿ ನಾಲ್ಕು ಕಡೆ ಓಡಾಡಿ ಜಾಗ ಪರೀಕ್ಷೆ ಮಾಡಬಹುದು. ಆಮೇಲೆ ಕಾಲಿಡಲೂ ಆಗುವುದಿಲ್ಲ.

ಕಿವಿಗೆ ಇಯರ್‌ಪ್ಲಗ್ ಹಾಕಿ. ನಗಬೇಡಿ. 85 ಡೆಸಿಬಲ್ ಸದ್ದನ್ನು ಕಿವಿ ಎಂಟು ಗಂಟೆ ತಡೆಯುತ್ತದೆ ಅನ್ನುವುದು ಒಂದು ಲೆಕ್ಕ. ಮೂರು ಡೆಸಿಬಲ್ ಏರಿದಂತೆಲ್ಲ ಆ ಹೊತ್ತು ಅರ್ಧವಾಗುತ್ತದೆ. 100 ಡೆಸಿಬಲ್ ಆದರೆ ಬರೀ 15 ನಿಮಿಷ. ರಾಕ್ ಶೋ ಎರಡು ಗಂಟೆ ನಡೆಯುತ್ತದೆ. ಮೆಡಿಕಲ್ ಶಾಪಿನಲ್ಲಿ ಸಿಗುವ ಸ್ಪಂಜಿನದ್ದು ಸಾಕು. ಬೆರಳಲ್ಲಿ ಹೊಸೆದು ಸಣ್ಣ ಮಾಡಿ, ಇನ್ನೊಂದು ಕೈಯಿಂದ ಕಿವಿಯನ್ನು ಮೇಲಕ್ಕೆ ಎಳೆದು ಒಳಗೆ ಇಡಿ. ಅದು ಉಬ್ಬುವವರೆಗೆ ಬೆರಳು ತೆಗೆಯಬೇಡಿ. ಸುಮ್ನೆ ಹೊರಗೆ ತುರುಕಿಕೊಂಡರೆ ಮೊದಲ ಕುಣಿತಕ್ಕೇ ಉದುರುತ್ತದೆ. ಹತ್ತಿ ಇಟ್ಟುಕೊಂಡರೆ ಏನೂ ಪ್ರಯೋಜನ ಇಲ್ಲ.

ಮೊಬೈಲಲ್ಲಿ ಒಂದು ಹಾಡು ಹಿಡಿದುಕೊಳ್ಳಿ, ಸಾಕು. ಆ ವಿಡಿಯೋದಲ್ಲಿ ಬರೀ ಗರಗರ ಕೇಳಿಸುತ್ತದೆ.

ಶೋ ಮುಗಿದ ಮೇಲೆ ವಾಪಸ್ ಮೆಜೆಸ್ಟಿಕ್‌ಗೆ ಹೋಗಬೇಡಿ. ಅರಮನೆ ಮೈದಾನದಲ್ಲಿ ಶೋ ಇದ್ದರೆ ಮೇಖ್ರಿ ಸರ್ಕಲ್ ಕಡೆ ನಡೆದುಕೊಂಡು ಬನ್ನಿ. ಗೇಟಿನ ಮುಂದಿನ ಆಟೋದವರು ಬಾಯಿಗೆ ಬಂದ ರೇಟು ಹೇಳುತ್ತಾರೆ, ದೂರ ಬಂದಷ್ಟೂ ಅದು ಇಳಿಯುತ್ತದೆ. ಅಲ್ಲಿಂದ ಗೊರಗುಂಟೆಪಾಳ್ಯ. ನಮ್ಮ ಕಡೆಯ ಬಸ್ಸುಗಳು ತುಮಕೂರು ರಸ್ತೆ ಹಿಡಿದೇ ಬರಬೇಕು. ಟಿಕೆಟ್ ಮಾಡಿಸುವಾಗಲೇ ಹತ್ತುವ ಜಾಗ ಅದನ್ನೇ ಹಾಕಿ, ಮೆಜೆಸ್ಟಿಕ್ ಹನ್ನೊಂದರ ಮೇಲೆ ಬಿಡುವ ಬಸ್ಸನ್ನೇ ಆರಿಸಿ.

ಬಸ್ ದಾವಣಗೆರೆ ಒಳಗೆ ಬರುತ್ತಾ, ಬೈಪಾಸಿನಲ್ಲೇ ಇಳಿಸುತ್ತಾ ಅಂತ ಮೊದಲೇ ಕೇಳಿಕೊಳ್ಳಿ. ಹುಬ್ಬಳ್ಳಿ, ಬೆಳಗಾವಿ ಬಸ್ಸಾದರೆ ಎಬ್ಬಿಸಿ ಅಂತ ಕಂಡಕ್ಟರಿಗೆ ಹೇಳಿ ಮಲಗಿ. ಕುಣಿದು ಸುಸ್ತಾದವರಿಗೆ ಅಲಾರಾಂ ಕೇಳಿಸುವುದಿಲ್ಲ, ಕಣ್ಣು ಬಿಟ್ಟಾಗ ರಾಣೆಬೆನ್ನೂರು ಬಂದಿರುತ್ತದೆ.